ಬಸ್ ವೇಳಾಪಟ್ಟಿಯಲ್ಲಿ ಇಂಗ್ಲಿಷು, ಮಳೆಯ ಮಾತಿನಲ್ಲಿ ಸ್ಪ್ಯಾನಿಷು

"ಓದಾಕ ಬರ್ತೈತಿ ಸರ್, ಮಾತಾಡಾಕ ಬರಲ್ಲ."

ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯ ಮೇಲಿರುವ ಕಾನಹೊಸಹಳ್ಳಿಯಲ್ಲಿ ಹತ್ತನೇ ತರಗತಿ ಮುಗಿಸಿದವರನ್ನು ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಇದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಯಾವ ಕಡೆ ಹೋದರೂ ಮಾತು ಬದಲಾಗುವುದಿಲ್ಲ. ಉತ್ತರದಲ್ಲಿ ಸುಳ್ಳೂ ಇಲ್ಲ. ನಮ್ಮ ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅಂದರೆ ಇಂದಿನ ಹುಡುಗ ಹುಡುಗಿಯರು ಹತ್ತು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದವರು. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸ್ ಮಾಡುತ್ತಾರೆ, ಪದ್ಯದ ಸಾರಾಂಶ ಬರೆಯುತ್ತಾರೆ, ರಜೆ ಅರ್ಜಿಯನ್ನು ಕಣ್ಣುಮುಚ್ಚಿ ಬರೆಯುತ್ತಾರೆ. ಆದರೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಹಂಪಿಗೆ ಹೊರಟ ಪರದೇಶಿಯೊಬ್ಬ ದಾರಿ ಕೇಳಿದರೆ ಪಕ್ಕದವರ ಮುಖ ನೋಡುತ್ತಾರೆ.

ಹೊಸ ಭಾಷೆಯ ಮೊದಲ ಮೆಟ್ಟಿಲು ಅಷ್ಟೇನೂ ಕಷ್ಟದ್ದಲ್ಲ. ಹೆಸರು, ಊರು, ಅಂಕಿ, ವಾರ, ಬಣ್ಣ ಇವೆಲ್ಲ ಕೆಲವೇ ತಿಂಗಳಲ್ಲಿ ಬಾಯಿಗೆ ಹತ್ತುತ್ತವೆ. ದಿನಾ ಏನೋ ಹೊಸದು ಕಲಿತೆನೆಂಬ ಹುರುಪಿರುತ್ತದೆ. ಭಾಷೆ ಚೆನ್ನಾಗಿ ಬಂದವರಿಗೂ ಚಿಂತೆಯಿಲ್ಲ. ಪುಸ್ತಕ, ಸಿನಿಮಾ, ಗೆಳೆಯರು ಅವರನ್ನು ಮುಂದಕ್ಕೆ ಒಯ್ಯುತ್ತಾರೆ. ಪಾಡು ಪಡುವವರು ನಡುವೆ ಸಿಕ್ಕಿಕೊಂಡವರು. ವ್ಯಾಕರಣದ ನಿಯಮ ಗೊತ್ತಿದೆ, ಪದಗಳೂ ಒಂದಷ್ಟು ಇವೆ, ಮಾತು ಮಾತ್ರ ಹೊರಡದು. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಚೌಕಟ್ಟು ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಾಗಿ ವಿಂಗಡಿಸಿದೆ. ನಡುವಿನ ಬಿ1, ಬಿ2 ಹಂತಗಳಲ್ಲೇ ಕಲಿಯುವವರ ಉತ್ಸಾಹ ಬತ್ತುವುದು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ ಶನಿವಾರ ಸ್ಪ್ಯಾನಿಷ್ ತರಗತಿಗೆ ಹೋಗುತ್ತಾನೆ, ಕಾನಹೊಸಹಳ್ಳಿಯ ಹುಡುಗಿ ಸರಕಾರಿ ಪ್ರೌಢಶಾಲೆಗೆ ಹೋಗುತ್ತಾಳೆ. ಇಬ್ಬರೂ ಮುಗ್ಗರಿಸುವ ಜಾಗ ಒಂದೇ.

ಅಂಥವರಿಗೆ ಇನ್ನಷ್ಟು ವ್ಯಾಕರಣ ಕೊಡುವುದು ಮದ್ದಲ್ಲ. ಅವರಿಗೆ ಬೇಕಿರುವುದು ವಿಷಯ. ತಲೆ ಓಡಿಸಬೇಕಾದ, ತಿಳಿದುಕೊಳ್ಳಬೇಕೆನಿಸುವ, ವಾದ ಮಾಡಬೇಕೆನಿಸುವ ವಿಷಯ. ಗಮನ ವಿಷಯದ ಮೇಲೆ ನೆಟ್ಟಾಗ ಭಾಷೆ ಅದರ ಜೊತೆಗೇ ಬರುತ್ತದೆ. ಇದು ವಿದೇಶದಿಂದ ಆಮದಾದ ವಿಚಾರವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಭಾಷಾ ಬೋಧನೆಯ ಚರಿತ್ರೆಯಲ್ಲಿ ಈ ವಿಚಾರದ ದೊಡ್ಡ ಪ್ರಯೋಗವೊಂದಕ್ಕೆ ನಮ್ಮ ರಾಜಧಾನಿಯ ಹೆಸರೇ ಇದೆ.

ಬೆಂಗಳೂರು ಪ್ರಾಜೆಕ್ಟ್

1979. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ ಒಂದು ಪ್ರಯೋಗಕ್ಕೆ ಕೈಹಾಕಿದರು. ಆಗ ದಕ್ಷಿಣದ ಶಾಲೆಗಳಲ್ಲಿ ನಡೆಯುತ್ತಿದ್ದುದು ವಾಕ್ಯರಚನೆಯ ಪಾಠ. ಒಂದು ವಾಕ್ಯದ ಮಾದರಿ, ಅದನ್ನು ಮೇಷ್ಟರು ಹೇಳುವುದು, ಮಕ್ಕಳು ಒಟ್ಟಾಗಿ ಒಪ್ಪಿಸುವುದು, ಮರುದಿನ ಮತ್ತೊಂದು ಮಾದರಿ. ದಶಕಗಳ ಕಾಲ ಹೀಗೆ ಕಲಿಸಿದ ಮೇಲೂ ಮಕ್ಕಳು ಶಾಲೆಯ ಹೊರಗೆ ಆ ವಾಕ್ಯಗಳನ್ನು ಬಳಸಲಾರರು, ಬಳಸಿದರೂ ತಪ್ಪು ಬಿಡದು ಎಂಬುದು ಪ್ರಭು ಅವರ ಕೊರಗಾಗಿತ್ತು. ವ್ಯಾಕರಣವನ್ನು ಸರಿಯಾಗಿ ಬಳಸುವ ಶಕ್ತಿ ವ್ಯಾಕರಣದ ಅಭ್ಯಾಸದಿಂದ ಬರುವುದಿಲ್ಲ, ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ತಾನಾಗಿ ಬೆಳೆಯುತ್ತದೆ ಎಂದು ಅವರು ನಂಬಿದ್ದರು. ನಂಬಿಕೆಯನ್ನು ಪರೀಕ್ಷೆಗೊಡ್ಡಲು ಸಾಮಾನ್ಯ ಶಾಲೆಗಳನ್ನೇ ಆರಿಸಿಕೊಂಡರು.

1984ರವರೆಗೆ ಐದು ವರ್ಷ ಪ್ರಯೋಗ ನಡೆಯಿತು. ದಕ್ಷಿಣ ಭಾರತದ ಎಂಟು ತರಗತಿಗಳಲ್ಲಿ, 8ರಿಂದ 15 ವರ್ಷದ ಮಕ್ಕಳಿಗೆ, 18 ಶಿಕ್ಷಕರು ಪಾಠ ಮಾಡಿದರು. ಪಠ್ಯಕ್ರಮದಲ್ಲಿ ಟೆನ್ಸ್ ಇರಲಿಲ್ಲ, ಆರ್ಟಿಕಲ್ ಇರಲಿಲ್ಲ, ಪದಗಳ ಪಟ್ಟಿಯೂ ಇರಲಿಲ್ಲ. ಇದ್ದದ್ದು ಕೆಲಸಗಳ ಪಟ್ಟಿ. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ಹೇಳುವುದು. ನಕ್ಷೆಯಲ್ಲಿ ದಾರಿ ಹುಡುಕುವುದು. ಶಾಲೆಯ ಟೈಮ್‌ಟೇಬಲ್ಲಿನ ತುಣುಕುಗಳಿಂದ ಪೂರ್ತಿ ಟೈಮ್‌ಟೇಬಲ್ ಕಟ್ಟುವುದು. ಹುಟ್ಟಿದ ವರ್ಷದಿಂದ ವಯಸ್ಸು ಲೆಕ್ಕ ಹಾಕುವುದು. ಅಂಗಡಿಯ ಹಣದ ಲೆಕ್ಕ, ಕ್ಯಾಲೆಂಡರು, ಊರುಗಳ ದೂರ, ಟೆಲಿಗ್ರಾಂ. ಎಲ್ಲವೂ ಇಂಗ್ಲಿಷಿನಲ್ಲಿ.

ತರಗತಿ ನಡೆಯುತ್ತಿದ್ದ ಬಗೆಯೂ ಗಮನಿಸತಕ್ಕದ್ದು. ಮೊದಲು ಮೇಷ್ಟರು ಒಂದು ಸಮಸ್ಯೆಯನ್ನು ಹಲಗೆಯ ಮೇಲೆ ಹಾಕಿ, ಎಲ್ಲರ ಜೊತೆ ಪ್ರಶ್ನೋತ್ತರ ಮಾಡುತ್ತ ಬಿಡಿಸುತ್ತಿದ್ದರು. ಆಮೇಲೆ ಅದೇ ಜಾತಿಯ, ಆದರೆ ಬೇರೆಯೇ ಆದ ಸಮಸ್ಯೆಯನ್ನು ಮಕ್ಕಳು ಒಬ್ಬೊಬ್ಬರೇ ಬಿಡಿಸಬೇಕು. ಅಂಕ ಕೊಡುತ್ತಿದ್ದುದು ಉತ್ತರ ಸರಿಯೇ ಎಂಬುದಕ್ಕೆ. ವಾಕ್ಯ ಸುಂದರವಾಗಿದೆಯೇ ಎಂಬುದಕ್ಕಲ್ಲ. ಮಗು ತಪ್ಪು ವಾಕ್ಯ ಆಡಿದರೆ ಮೇಷ್ಟರು ಪಾಠ ನಿಲ್ಲಿಸಿ ನಿಯಮ ಹೇಳುತ್ತಿರಲಿಲ್ಲ, ಮಾತಿನ ನಡುವೆಯೇ ಅದನ್ನು ಸರಿಯಾದ ರೂಪದಲ್ಲಿ ತಾವು ಆಡಿ ಮುಂದುವರಿಯುತ್ತಿದ್ದರು. ಮನೆಯಲ್ಲಿ ತಾಯಂದಿರು ಮಾಡುವುದೂ ಅದನ್ನೇ ಅಲ್ಲವೇ? ಕಷ್ಟದ ಮಟ್ಟಕ್ಕೂ ಒಂದು ಅಂದಾಜಿತ್ತು: ತರಗತಿಯ ಅರ್ಧದಷ್ಟು ಮಕ್ಕಳಿಗಾದರೂ ಕೆಲಸದ ಅರ್ಧದಷ್ಟಾದರೂ ಸರಿಬಂದರೆ ಆ ಕೆಲಸ ಯೋಗ್ಯವಾದದ್ದು. ನೂರಕ್ಕೆ ನೂರು ಎಲ್ಲರಿಗೂ ಸರಿಬಂದರೆ ಅದು ಸುಲಭವಾಯಿತು, ತಲೆ ಓಡಲಿಲ್ಲ ಎಂದೇ ಅರ್ಥ.

ಪ್ರಭು ಅವರು ಕೆಲಸಗಳನ್ನು ಮೂರು ಬಗೆ ಮಾಡಿದರು. ಒಬ್ಬರ ಬಳಿಯ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವುದು, ಕೊಟ್ಟ ಮಾಹಿತಿಯಿಂದ ಹೊಸದನ್ನು ತರ್ಕಿಸಿ ತೆಗೆಯುವುದು, ತನ್ನ ಅಭಿಪ್ರಾಯ ಹೇಳುವುದು. ಮೂರರಲ್ಲಿ ಅವರು ಹೆಚ್ಚು ನೆಚ್ಚಿದ್ದು ನಡುವಿನದನ್ನು. ಬರೀ ಮಾಹಿತಿ ದಾಟಿಸುವುದು ಒಂದೆರಡು ಪದಗಳಲ್ಲಿ ಮುಗಿಯುತ್ತದೆ. ಅಭಿಪ್ರಾಯ ಹೇಳಲು ಹಿಂಜರಿಕೆ ಬರುತ್ತದೆ. ತರ್ಕಕ್ಕೆ ಒಂದು ಗಟ್ಟಿ ಉತ್ತರವಿದೆ, ಅದನ್ನು ತಲುಪುವ ದಾರಿಯಲ್ಲಿ ಮಾತು ಬೇಕೇ ಬೇಕು. ಕನ್ನಡ ಮಾಧ್ಯಮದ ನಾಚಿಕೆಯ ಮಕ್ಕಳನ್ನು ಬಲ್ಲ ಯಾರಿಗಾದರೂ ಈ ಆಯ್ಕೆಯ ಜಾಣತನ ತಟ್ಟನೆ ಹೊಳೆಯುತ್ತದೆ.

1987ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಈ ಅನುಭವವನ್ನೆಲ್ಲ ಪ್ರಭು ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಜಿ' ಪುಸ್ತಕವಾಗಿ ಹೊರತಂದಿತು. ಜಗತ್ತಿನ ಯಾವ ಮೂಲೆಯಲ್ಲಿ ಭಾಷಾ ಶಿಕ್ಷಕರ ತರಬೇತಿ ನಡೆದರೂ 'ಬೆಂಗಳೂರು ಪ್ರಾಜೆಕ್ಟ್' ಎಂಬ ಹೆಸರು ಒಮ್ಮೆಯಾದರೂ ಬರುತ್ತದೆ. ಬೆಂಗಳೂರಿನ ಶಾಲೆಯ ಕಪ್ಪುಹಲಗೆಯ ಮೇಲಿನ ರೈಲು ವೇಳಾಪಟ್ಟಿ ಭಾಷಾ ಬೋಧನೆಯ ದಿಕ್ಕನ್ನೇ ಬದಲಿಸಿದವುಗಳಲ್ಲಿ ಒಂದಾಯಿತು.

ಕ್ಯಾಲಿಫೋರ್ನಿಯಾದಿಂದ ಬಾರ್ಸಿಲೋನಾವರೆಗೆ

ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟ್ರೇಸಿ ಟೆರೆಲ್ ಎಂಬ ಸ್ಪ್ಯಾನಿಷ್ ಅಧ್ಯಾಪಕರು ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದರು. ವಿದ್ಯಾರ್ಥಿಗಳು ಕ್ರಿಯಾಪದದ ರೂಪಗಳನ್ನು ಗಿಳಿಪಾಠ ಒಪ್ಪಿಸುತ್ತಾರೆ, ಒಂದು ಮಾತೂ ಆಡುವುದಿಲ್ಲ. 1977ರಲ್ಲಿ ಅವರು ತಮ್ಮ 'ಸಹಜ ವಿಧಾನ'ದ ಬಗ್ಗೆ ಬರೆದರು. ಅರ್ಥವಾಗುವ, ಆಸಕ್ತಿ ಕೆರಳಿಸುವ ಸ್ಪ್ಯಾನಿಷನ್ನು ಮೊದಲು ಹೇರಳವಾಗಿ ಕಿವಿಗೆ ಹಾಕಿ, ಮಾತು ತಾನೇ ಬರುವವರೆಗೆ ಕಾಯಿರಿ ಎಂಬುದು ಅದರ ತಿರುಳು. 1983ರಲ್ಲಿ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶನ್ ಜೊತೆಗೂಡಿ ಅದನ್ನೇ ಪುಸ್ತಕ ಮಾಡಿದರು. 1992ರಲ್ಲಿ ಅಮೆರಿಕದ ದೂರದರ್ಶನಕ್ಕೆ 'ದೆಸ್ತೀನೊಸ್' ಎಂಬ 52 ಕಂತುಗಳ ಧಾರಾವಾಹಿ ಬಂತು. ಅದು ಸ್ಪ್ಯಾನಿಷ್ ಪಾಠವೂ ಹೌದು, ಕಥೆಯೂ ಹೌದು. ಮೆಕ್ಸಿಕೊದ ಹಣ್ಣುಹಣ್ಣು ಮುದುಕನೊಬ್ಬನಿಗೆ ಪತ್ರ ಬರುತ್ತದೆ. ಸ್ಪೇನಿನ ಅಂತರ್ಯುದ್ಧದಲ್ಲಿ ಗೆರ್ನಿಕಾ ಊರಿನ ಮೇಲೆ ಬಾಂಬು ಬಿದ್ದಾಗ ಸತ್ತಳೆಂದು ಅವನು ನಂಬಿದ್ದ ಮೊದಲ ಹೆಂಡತಿ ಆಗ ಸತ್ತಿರಲಿಲ್ಲ! ಅವಳನ್ನು ಹುಡುಕಲು ರಾಕೆಲ್ ಎಂಬ ವಕೀಲೆ ಸ್ಪೇನ್, ಅರ್ಜೆಂಟೀನಾ, ಪೋರ್ಟೊ ರಿಕೊ ಸುತ್ತುತ್ತಾಳೆ. ಮುಂದೇನಾಯಿತು ಎಂಬ ಕುತೂಹಲ ಹಿಡಿದವರು ಸ್ಪ್ಯಾನಿಷ್ ಅರ್ಥಮಾಡಿಕೊಳ್ಳದೆ ಬಿಡುತ್ತಾರೆಯೇ? ನಮ್ಮ ಮನೆಗಳಲ್ಲಿ ಹಿಂದಿ ಓದದ ಅಜ್ಜಿಯರು ಭಾನುವಾರದ ರಾಮಾಯಣ, ಮಹಾಭಾರತ ನೋಡುತ್ತ ಹಿಂದಿ ತಿಳಿದುಕೊಂಡದ್ದೂ ಇದೇ ಬಗೆಯಲ್ಲಿ.

ಸ್ಪೇನಿನಲ್ಲಿ 1991ರಲ್ಲಿ ಸ್ಪ್ಯಾನಿಷ್ ಕಲಿಸುವ ಸೆರ್ವಾಂತೆಸ್ ಸಂಸ್ಥೆ ಹುಟ್ಟಿತು. ದೆಹಲಿಯಲ್ಲಿ ಅದರ ಕೇಂದ್ರ 2009ರಿಂದ ಇದೆ. ತೊಂಬತ್ತರ ದಶಕದಲ್ಲಿ ಸ್ಪೇನಿನ ಸ್ಪ್ಯಾನಿಷ್ ಶಿಕ್ಷಕರ ನಡುವೆ ಕೆಲಸ ಆಧಾರಿತ ಬೋಧನೆಯ ಗಾಳಿ ಜೋರಾಗಿ ಬೀಸಿತು. ಶೀಲಾ ಎಸ್ತಾಯ್ರೆ, ಹಾವಿಯೆರ್ ಸನೋನ್ ಅಂಥವರು ಶಿಕ್ಷಕರಿಗಾಗಿ ಬರೆದರು. 1997ರಲ್ಲಿ ಬಾರ್ಸಿಲೋನಾದಿಂದ 'ಹೆಂತೆ' ಎಂಬ ಪಠ್ಯಪುಸ್ತಕ ಬಂತು. ಪ್ರತಿ ಅಧ್ಯಾಯದ ಗುರಿ ವ್ಯಾಕರಣದ ಒಂದು ಅಂಶವಲ್ಲ, ಎಲ್ಲರೂ ಸೇರಿ ಮಾಡಿ ಮುಗಿಸಬೇಕಾದ ಒಂದು ಕೆಲಸ. ಆ ಕೆಲಸಕ್ಕೆ ಯಾವ ವ್ಯಾಕರಣ ಬೇಕೋ ಅದು ದಾರಿಯಲ್ಲಿ ಬರುತ್ತದೆ. ಈ ಚಿಂತನೆಗೆ ಹಲವು ಬೇರುಗಳಿವೆ. ಅವುಗಳಲ್ಲಿ ಒಂದು ಗಟ್ಟಿ ಬೇರು ಬೆಂಗಳೂರಿನದು.

ನನ್ನನ್ನು ಕಾಡುವುದು ಇದೇ. ಇಂದು ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಶುಲ್ಕ ಕಟ್ಟಿ ಸ್ಪ್ಯಾನಿಷ್ ಕಲಿಯುವವರು ಪ್ರವಾಸದ ಯೋಜನೆ ಹಾಕುತ್ತ, ಬಾಡಿಗೆ ಮನೆ ಹುಡುಕುತ್ತ, ಅಡುಗೆಯ ವಿಧಾನ ವಿವರಿಸುತ್ತ ಭಾಷೆ ಕಲಿಯುತ್ತಾರೆ. ಸಾಮಾನ್ಯ ಶಾಲೆಗಳ ಮಕ್ಕಳ ನಡುವೆ ರೂಪುಗೊಂಡ ವಿದ್ಯೆ ಸಮುದ್ರ ದಾಟಿ ಹೋಗಿ, ಉಳ್ಳವರ ತರಗತಿಗೆ ಮರಳಿ ಬಂದಿದೆ. ಕಾನಹೊಸಹಳ್ಳಿಯ ಮಕ್ಕಳು ಮಾತ್ರ ಇನ್ನೂ ಗೈಡು ನೋಡಿ 'ಚೇಂಜ್ ದ ವಾಯ್ಸ್' ಬರೆಯುತ್ತಿದ್ದಾರೆ. ಇದು ಸರಿಯಲ್ಲ.

ಅಜ್ಜಿಯ ಮೊಣಕಾಲು ಮತ್ತು ಎರಡು ಬಸ್ಸು

ಹಾಗಾದರೆ ನಮ್ಮ ಒಂಬತ್ತನೇ ತರಗತಿಗೆ ಇಂಥ ಪಾಠ ಹೇಗಿರಬಹುದು? ಒಂದನ್ನು ಕಟ್ಟಿ ನೋಡೋಣ. ಸಮಯಗಳೆಲ್ಲ ಪಾಠಕ್ಕಾಗಿ ಇಟ್ಟುಕೊಂಡವು.

ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಇಷ್ಟಿದೆ. ಕಾನಹೊಸಹಳ್ಳಿಯಿಂದ ಬೆಳಿಗ್ಗೆ 7.10ಕ್ಕೆ ಕೂಡ್ಲಿಗಿ ಬಸ್ಸು, 7.50ಕ್ಕೆ ತಲುಪುತ್ತದೆ. ಕೂಡ್ಲಿಗಿಯಿಂದ ಹೊಸಪೇಟೆಗೆ 8.15ರ ಬಸ್ಸು; 9.45ಕ್ಕೆ ತಲುಪುತ್ತದೆ. ಇನ್ನೊಂದು ಚಿತ್ರದುರ್ಗದಿಂದ ಬರುವ ನೇರ ಬಸ್ಸು, ಕಾನಹೊಸಹಳ್ಳಿಗೆ 7.45ಕ್ಕೆ ಬಂದು ಹೊಸಪೇಟೆಗೆ 9.50ಕ್ಕೆ ಹೋಗುತ್ತದೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ಚೀಟಿ ಕೊಡುವುದು 10 ಗಂಟೆಯವರೆಗೆ. ನಿಲ್ದಾಣದಿಂದ ಆಸ್ಪತ್ರೆಗೆ ನಡೆದರೆ ಹದಿನೈದು ನಿಮಿಷ, ಆಟೋದಲ್ಲಿ ಐದು ನಿಮಿಷ, ಆಟೋಗೆ 60 ರೂಪಾಯಿ. ಅಜ್ಜಿಗೆ ಮೊಣಕಾಲು ನೋವು. ಯಾವ ಬಸ್ಸು?

ಮೊದಲು ಯಾರೋ ನೇರ ಬಸ್ಸು ಅನ್ನುತ್ತಾರೆ. ಮೇಡಂ ಕೇಳುತ್ತಾರೆ, ನಡೆದುಹೋದರೆ ಆಸ್ಪತ್ರೆಗೆ ಎಷ್ಟು ಗಂಟೆಗೆ? ಲೆಕ್ಕ ಶುರು. "ಟೆನ್ ಫೈವ್ ಮೇಡಂ, ಚೀಟಿ ನಾಟ್ ಗಿವಿಂಗ್!" ಮೇಡಂ ತಪ್ಪು ಎತ್ತಿ ಆಡುವುದಿಲ್ಲ. "ಯೆಸ್, ದೆ ವೋಂಟ್ ಗಿವ್ ಹರ್ ಎ ಟೋಕನ್ ಆಫ್ಟರ್ ಟೆನ್. ಸೋ?" ಇನ್ನೊಬ್ಬ ಎದ್ದು ಮೊದಲ ಬಸ್ಸೇ ಸರಿ ಅನ್ನುತ್ತಾನೆ, ಸರಿಯಾಗಿ ಹತ್ತಕ್ಕೆ ತಲುಪಬಹುದು. ಹಿಂದಿನ ಬೆಂಚಿನ ಹುಡುಗಿ ಒಪ್ಪುವುದಿಲ್ಲ. ಮೊಣಕಾಲು ನೋವಿನ ಅಜ್ಜಿ ಕೂಡ್ಲಿಗಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು, ಮೇಲೆ ಹದಿನೈದು ನಿಮಿಷ ನಡೆಯಬೇಕು. ನೇರ ಬಸ್ಸಿಗೆ ಹೋಗಿ ಆಟೋ ಹಿಡಿದರೆ 9.55ಕ್ಕೆ ಆಸ್ಪತ್ರೆ. ಅರವತ್ತು ರೂಪಾಯಿ ಯಾರು ಕೊಡುತ್ತಾರೆ ಎಂದು ಮತ್ತೊಬ್ಬ. 'ಇಫ್', 'ಬಟ್', 'ಬಿಕಾಸ್', 'ವಿಲ್ ಬಿ ಲೇಟ್', 'ಹ್ಯಾಸ್ ಟು ಗೆಟ್ ಡೌನ್' ಎಲ್ಲವೂ ಒಂದೇ ಪಿರಿಯಡ್ಡಿನಲ್ಲಿ ಹತ್ತಾರು ಸಲ ಕಿವಿಗೂ ಬಾಯಿಗೂ ಬಂದಿರುತ್ತವೆ. ಷರತ್ತಿನ ವಾಕ್ಯ ಎಂಬ ಮಾತನ್ನೇ ಯಾರೂ ಎತ್ತಿಲ್ಲ. ಮರುದಿನ ಹೊಸ ಸಮಯ, ಹೊಸ ಊರು, ಈ ಸಲ ಒಬ್ಬೊಬ್ಬರೇ ಬರೆಯಬೇಕು.

ಇಂಥ ಸಾಮಗ್ರಿಗೆ ಈ ಸೀಮೆಯಲ್ಲಿ ಬರವಿಲ್ಲ. ಮಾರುಕಟ್ಟೆಯ ತೂಕದ ಚೀಟಿ, ಶೇಂಗಾ ಬೀಜದ ಚೀಲದ ಮೇಲಿನ ಬರಹ, ಕೀಟನಾಶಕದ ಡಬ್ಬದ ಮೇಲಿನ ಎಚ್ಚರಿಕೆ, ಹೋಬಳಿಯ ಮಳೆ ಲೆಕ್ಕ, ಕೊಟ್ಟೂರು ತೇರಿಗೆ ಹೋಗುವ ದಾರಿ, ಗುಡೇಕೋಟೆ ಕರಡಿಧಾಮದ ಫಲಕ, ಹಡಗಲಿ ಮಲ್ಲಿಗೆ ಮಾರುಕಟ್ಟೆ ತಲುಪುವ ಹಾದಿ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯೊಳಗೆ ಬಂತು. ಆ ಮೂರು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು, ಕಚೇರಿ ಕೆಲಸಕ್ಕೆ ಯಾವ ಕಾಲದಲ್ಲಿ ಎಷ್ಟು ದೂರ ಹೋಗಬೇಕಿತ್ತೆಂದು ಹುಡುಕಲು ಹೇಳಿದರೆ ಅದೇ ವಾರವಿಡೀ ಸಾಗುವ ಇಂಗ್ಲಿಷ್ ಪಾಠ.

ಹಾಗೆ ನೋಡಿದರೆ ಇಲ್ಲಿನ ಜನಕ್ಕೆ ಈ ಕಲಿಕೆ ಹೊಸದೂ ಅಲ್ಲ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡಿ, ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ಆಂಧ್ರದ ಗಡಿ ಹತ್ತಿರವಾದ್ದರಿಂದ ತೆಲುಗು ಅನೇಕರ ಬಾಯಲ್ಲಿ ಸಲೀಸು. ಗುಳೆ ಹೋದವರು ಹೋದ ಊರಿನ ಮಾತನ್ನು ಕಲಿತೇ ಬರುತ್ತಾರೆ. ಕೂಲಿ ಎಷ್ಟು, ನೀರು ಎಲ್ಲಿ, ಮಗುವಿಗೆ ಜ್ವರ ಬಂದರೆ ಯಾರನ್ನು ಕೇಳಬೇಕು ಎಂಬ ಅಗತ್ಯವೇ ಅವರ ಪಠ್ಯಕ್ರಮ. ಆ ಶಕ್ತಿಯುಳ್ಳ ಮನೆಯ ಮಕ್ಕಳನ್ನೇ ನಾವು ಶಾಲೆಯಲ್ಲಿ ಕೂರಿಸಿಕೊಂಡು ಭಾಷೆಯಲ್ಲಿ ದಡ್ಡರು ಅನ್ನುತ್ತೇವೆ.

ಪಕ್ಕದ ಅನಂತಪುರದಲ್ಲಿ ಸ್ಪ್ಯಾನಿಷ್

ಕಾನಹೊಸಹಳ್ಳಿಗೆ ಸ್ಪ್ಯಾನಿಷ್ ಏಕೆ ಎಂದು ಯಾರಾದರೂ ಕೇಳಬಹುದು. ಪೂರ್ವಕ್ಕೆ ಗಡಿ ದಾಟಿ ರಾಯದುರ್ಗ, ಕಲ್ಯಾಣದುರ್ಗದ ಆಚೆ ಹೋದರೆ ಅನಂತಪುರ. ನಮ್ಮಂಥದೇ ಒಣ ನೆಲ, ನಮ್ಮಂಥದೇ ಶೇಂಗಾ ಹೊಲ, ಗಡಿಯುದ್ದಕ್ಕೂ ಕನ್ನಡ ಮನೆಗಳು. ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂತೆ ಫೆರೆರ್ 1952ರಲ್ಲಿ ಭಾರತಕ್ಕೆ ಬಂದು, 1969ರಲ್ಲಿ ಆ ಜಿಲ್ಲೆಯಲ್ಲಿ ನೆಲೆ ನಿಂತು, 2009ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ, ಜನರ ಬಾಯಲ್ಲಿ ಆರ್‌ಡಿಟಿ, ಆಸ್ಪತ್ರೆ, ಶಾಲೆ, ಮನೆಗಳ ಜೊತೆಗೆ ಒಂದು ವಿದೇಶಿ ಭಾಷೆಗಳ ಶಾಲೆಯನ್ನೂ ನಡೆಸಿಕೊಂಡು ಬಂದಿದೆ. ಪದವಿ ಮುಗಿಸಿದ ಹಳ್ಳಿಯ ಬಡ ಮನೆಯ ಮಕ್ಕಳಿಗೆ ಅಲ್ಲಿ ಇಂಗ್ಲಿಷ್ ಜೊತೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಕಲಿಸುತ್ತಾರೆ. ಅಲ್ಲಿಂದ ಹೊರಬಂದವರು ಬೆಂಗಳೂರು, ಹೈದರಾಬಾದಿನ ಕಂಪನಿಗಳಲ್ಲಿ ಕೆಲಸ ಹಿಡಿದಿದ್ದಾರೆ. ಸ್ಪೇನಿನ ಸಾವಿರಾರು ಕುಟುಂಬಗಳು ಅನಂತಪುರದ ಮಕ್ಕಳ ಓದಿಗೆ ನೆರವಾಗುತ್ತ ಬಂದಿವೆ; ಆ ಕುಟುಂಬಗಳಿಗೂ ಈ ಮಕ್ಕಳಿಗೂ ನಡುವೆ ಪತ್ರಗಳು ಓಡಾಡಿವೆ. ನಡುವಿನ ಹಂತದ ಸ್ಪ್ಯಾನಿಷ್ ಕಲಿಯುವವರಿಗೆ ಇಂಥ ಪತ್ರಕ್ಕಿಂತ ಒಳ್ಳೆಯ ಪಠ್ಯ ಎಲ್ಲಿದೆ? ಓದುವವರು ನಿಜ, ಹೇಳಬೇಕಾದ ಸಂಗತಿಯೂ ನಿಜ.

ಕನ್ನಡದವರಿಗೆ ಸ್ಪ್ಯಾನಿಷ್ ಕಲಿಸುವಾಗ ಇಂಗ್ಲಿಷಿನ ದಾರಿ ಹಿಡಿದು ಹೋಗುವುದರಿಂದ ನಷ್ಟವೇ ಹೆಚ್ಚು. ಇಂಗ್ಲಿಷ್ ಬಲ್ಲವರಿಗಾಗಿ ಬರೆದ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಸಂಗತಿಗಳು ನಮಗೆ ಮಾತೃಭಾಷೆಯಲ್ಲೇ ಇವೆ. 'ನನಗೆ ಕಾಫಿ ಇಷ್ಟ' ಎಂಬಲ್ಲಿ ಕಾಫಿ ಕರ್ತೃ, ನಾನು ಚತುರ್ಥಿಯಲ್ಲಿದ್ದೇನೆ. ಸ್ಪ್ಯಾನಿಷಿನ 'ಮೆ ಗುಸ್ತಾ ಎಲ್ ಕಫೆ' ಅದೇ ಅಚ್ಚು. 'ಬಂದೆ' ಎಂದರೆ ಬಂದದ್ದು ನಾನೇ ಎಂದು ಕ್ರಿಯಾಪದವೇ ಹೇಳುತ್ತದೆ; ಅಲ್ಲೂ ಹಾಗೆಯೇ. ನೀನು, ನೀವು ಎಂಬ ಭೇದವೂ ಅಲ್ಲಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ನಡುಹಂತದವರನ್ನು ನಿದ್ದೆಗೆಡಿಸುವ ಎರಡು ಭೂತಕಾಲಗಳ ಪ್ರಶ್ನೆ. ಹಿಂದೆ ರೂಢಿಯಾಗಿ ನಡೆಯುತ್ತಿದ್ದುದಕ್ಕೆ ಒಂದು ರೂಪ, ಒಮ್ಮೆ ನಡೆದು ಮುಗಿದದ್ದಕ್ಕೆ ಇನ್ನೊಂದು.

ಈಗ ನಮ್ಮ ಸೀಮೆಯ ಪದವೀಧರೆಯೊಬ್ಬಳು ಬಾರ್ಸಿಲೋನಾದ ಕುಟುಂಬಕ್ಕೆ ತನ್ನೂರಿನ ಮಳೆಯ ಬಗ್ಗೆ ಬರೆಯಬೇಕೆಂದುಕೊಳ್ಳಿ. ಮೊದಲೆಲ್ಲ ಇನ್ನೂ ಹೆಚ್ಚು ಮಳೆ ಬರುತ್ತಿತ್ತು: 'ಆಂತೆಸ್ ಯೊವಿಯಾ ಮಾಸ್'. ಹೋದ ವರ್ಷ ಬರಲಿಲ್ಲ: 'ಎಲ್ ಆನ್ಯೊ ಪಸಾದೊ ನೊ ಯೊವಿಯೋ'. ಬರುತ್ತಿತ್ತು, ಬಂತು. ಯೊವಿಯಾ, ಯೊವಿಯೋ. ಮಳೆಗಾಗಿ ಮುಗಿಲು ನೋಡಿ ಬೆಳೆದವಳಿಗೆ ಈ ವ್ಯತ್ಯಾಸವನ್ನು ನಿಯಮವಾಗಿ ಕಲಿಸಬೇಕಿಲ್ಲ. ಅಪ್ಪ ಶೇಂಗಾ ಬಿತ್ತುತ್ತಿದ್ದರು, ಆ ವರ್ಷ ಮೆಕ್ಕೆಜೋಳ ಬಿತ್ತಿದರು. ಊರಲ್ಲೇ ಇರುತ್ತಿದ್ದೆವು, ಆ ಸಲ ಗುಳೆ ಹೋದೆವು. ಹೀಗೆ ಒಂದು ಪುಟ ಬರೆಯುವಷ್ಟರಲ್ಲಿ ಎರಡು ಭೂತಕಾಲಗಳೂ ಕೈಗೆ ಬರುತ್ತವೆ. ಪಠ್ಯಪುಸ್ತಕದ ಮ್ಯಾಡ್ರಿಡ್ ಬೀದಿಯ ಹೋಟೆಲ್ ಸಂಭಾಷಣೆಯಿಂದ ಇದು ಆಗುವ ಕೆಲಸವಲ್ಲ.

ವಿಷಯಕ್ಕೇನು ಕಡಿಮೆ? ಕೂಡ್ಲಿಗಿ ಹೊಲಗಳ ಶೇಂಗಾದ ತವರು ದಕ್ಷಿಣ ಅಮೆರಿಕ. ಮೆಕ್ಕೆಜೋಳ, ಮೆಣಸಿನಕಾಯಿಯ ತವರು ಮೆಕ್ಸಿಕೊ. ನಮ್ಮ ಸೀತಾಫಲವೂ ಅಮೆರಿಕ ಖಂಡದ್ದೇ. ಹುಣಸೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಪಯಣಿಸಿ ಸ್ಪ್ಯಾನಿಷರ ಆಳ್ವಿಕೆಯ ಕಾಲದಲ್ಲಿ ಮೆಕ್ಸಿಕೊ ಸೇರಿತು. ಇಂದು ಅಲ್ಲಿ ಬೀದಿಬೀದಿಯಲ್ಲಿ ಹುಣಸೆ ಪಾನಕ ಮಾರುತ್ತಾರೆ. 1565ರಿಂದ 1815ರವರೆಗೆ ಮನಿಲಾಕ್ಕೂ ಮೆಕ್ಸಿಕೊದ ಅಕಪುಲ್ಕೊಗೂ ಸ್ಪ್ಯಾನಿಷ್ ಹಡಗುಗಳು ಓಡಾಡಿದ ಕಥೆ ಇತಿಹಾಸ, ಭೂಗೋಳ, ವ್ಯಾಪಾರ ಎಲ್ಲವನ್ನೂ ಒಳಗೊಂಡ ಪಾಠವಾಗಬಲ್ಲದು. ಒಂದು ಗುಂಪಿಗೆ ಮೆಕ್ಸಿಕೊದ ಹುಣಸೆ ಪಾನಕದ ವಿಧಾನ ಕೊಟ್ಟು, ಇನ್ನೊಂದು ಗುಂಪು ನಮ್ಮ ಹುಣಸೆ ತೊಕ್ಕಿನ ವಿಧಾನವನ್ನು ಸ್ಪ್ಯಾನಿಷಿನಲ್ಲಿ ಹೇಳಲಿ. ಇನ್ನು ಹಂಪಿ ನಮ್ಮದೇ ಜಿಲ್ಲೆಯಲ್ಲಿದೆ. 1520ರ ಹೊತ್ತಿಗೆ ಅಲ್ಲಿಗೆ ಬಂದ ದೊಮಿಂಗೊ ಪಾಯೆಸ್ ಎಂಬ ಪ್ರವಾಸಿ ಬರೆದದ್ದು ಪೋರ್ಚುಗೀಸಿನಲ್ಲಿ, ಸ್ಪ್ಯಾನಿಷಿಗೆ ತೀರಾ ಹತ್ತಿರದ ಸೋದರ ಭಾಷೆಯಲ್ಲಿ. ಬಿ2 ತಲುಪಿದವರು ಅವನ ವಿಜಯನಗರ ವರ್ಣನೆಯ ಸ್ಪ್ಯಾನಿಷ್ ರೂಪ ಹಿಡಿದು ಇಂದಿನ ಬಜಾರದಲ್ಲಿ ಓಡಾಡಿ, ಏನು ಉಳಿದಿದೆ, ಏನಿಲ್ಲ ಎಂದು ಪ್ರವಾಸಿಗೆ ವಿವರಿಸಬಲ್ಲರು. ಸ್ಪ್ಯಾನಿಷ್ ಆಡುವ ದೇಶಗಳು ಇಪ್ಪತ್ತು. ಆ ಭಾಷೆ ಬಲ್ಲ ಗೈಡಿಗೆ ಹಂಪಿಯಲ್ಲಿ ಅನ್ನ ಹುಟ್ಟುತ್ತದೆ.

ಅಡ್ಡಿಗಳು

ಬೆಂಗಳೂರು ಪ್ರಯೋಗದ ಕುಂದುಗಳನ್ನು ಮುಚ್ಚಿಡುವುದು ಬೇಡ. 1985ರಲ್ಲಿ ಅಲನ್ ಬೆರೆಟ್ಟಾ, ಅಲನ್ ಡೇವಿಸ್ ಎಂಬ ಸಂಶೋಧಕರು ಅದರ ಮೌಲ್ಯಮಾಪನ ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳೇ ಮುಂದಿದ್ದರು. ಸಂದರ್ಭದಲ್ಲಿ ಭಾಷೆ ಬಳಸುವ, ಕೇಳಿ ಅರ್ಥಮಾಡಿಕೊಳ್ಳುವ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳ ಕೈ ಮೇಲಾಯಿತು. ಫಲಿತಾಂಶ ಆಶಾದಾಯಕ, ಆದರೆ ಅಂತಿಮ ತೀರ್ಪಲ್ಲ ಎಂಬಂತಿತ್ತು ಅವರ ನಿಲುವು. ಬೆರೆಟ್ಟಾ ಆಮೇಲೆ ಇನ್ನೊಂದು ಸಂಗತಿಯನ್ನೂ ಎತ್ತಿದರು. ಪರಿಣತ ತಜ್ಞರು ಈ ಪದ್ಧತಿಯನ್ನು ಚೆನ್ನಾಗಿ ನಡೆಸಿದರು, ಶಾಲೆಗಳ ದಿನನಿತ್ಯದ ಶಿಕ್ಷಕರಲ್ಲಿ ಅನೇಕರಿಗೆ ಅದು ಪೂರ್ತಿ ಒಗ್ಗಲಿಲ್ಲ.

ಇಲ್ಲೇ ನಿಜವಾದ ಗಂಟಿರುವುದು. ಪುಸ್ತಕದ ವಾಕ್ಯ ಒಪ್ಪಿಸಲು ಮೇಷ್ಟರಿಗೆ ಒಂದಷ್ಟು ಇಂಗ್ಲಿಷ್ ಸಾಕು. ಮಗು ಎತ್ತಿದ ಎದುರುಮಾತಿಗೆ ತಟ್ಟನೆ ಉತ್ತರಿಸಲು ಅವರಿಗೂ ಮಾತು ಬೇಕು. ನಮ್ಮ ಅನೇಕ ಶಿಕ್ಷಕರು ಅದೇ 'ಓದಾಕ ಬರ್ತೈತಿ' ಶಾಲೆಗಳಿಂದಲೇ ಬಂದವರು. ವರ್ಷಕ್ಕೊಮ್ಮೆ ಬದಲಾಗುವ ಅತಿಥಿ ಶಿಕ್ಷಕರಿಂದ ಹೊಸ ಪದ್ಧತಿ ನಿರೀಕ್ಷಿಸುವುದೂ ನ್ಯಾಯವಲ್ಲ. ಮೇಲೆ ಎಸ್ಸೆಸ್ಸೆಲ್ಸಿ ಇದೆ. ಫಲಿತಾಂಶದ ಒತ್ತಡ ಬಂದೊಡನೆ 'ಪಾಸಿಂಗ್ ಪ್ಯಾಕೇಜ್' ಹೊರಬರುತ್ತದೆ, ಖಚಿತವಾಗಿ ಬರುವ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿಸುವುದು. ಮಗು ಪಾಸಾಗುತ್ತದೆ. ಆ ಅಂಕಪಟ್ಟಿ ಹಿಡಿದು ಬೆಂಗಳೂರಿಗೆ ಬಂದಾಗ ಸಂದರ್ಶನದ ಕೋಣೆಯಲ್ಲಿ ಅದರ ಬಾಯಿ ಕಟ್ಟುತ್ತದೆ. ಶಿಕ್ಷಕರನ್ನು ದೂರಿ ಫಲವಿಲ್ಲ. ಪರೀಕ್ಷೆ ಏನನ್ನು ಕೇಳುತ್ತದೋ ತರಗತಿ ಅದನ್ನೇ ಕಲಿಸುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಪಠ್ಯದಿಂದ ಎತ್ತದ ಒಂದು ವೇಳಾಪಟ್ಟಿ, ಒಂದು ನಕ್ಷೆ, ಒಂದು ಬಿಲ್ಲು ಕೊಟ್ಟು ಅದರ ಮೇಲೆ ಹತ್ತು ಅಂಕದ ತರ್ಕ ಕೇಳಲಿ. ಮರುವರ್ಷವೇ ತರಗತಿಯ ರೀತಿ ಬದಲಾಗುತ್ತದೆ.

1990ರಲ್ಲಿ ಪ್ರಭು ಅವರೇ, ಎಲ್ಲೆಡೆ ಸಲ್ಲುವ ಅತ್ಯುತ್ತಮ ಪದ್ಧತಿ ಎಂಬುದೇ ಇಲ್ಲ ಎಂದು ವಾದಿಸಿದರು. ಯಾವ ಪದ್ಧತಿಯನ್ನೇ ಆಗಲಿ ಯಂತ್ರದಂತೆ ನಡೆಸಿದರೆ ಸತ್ತಂತೆ. ಶಿಕ್ಷಕರಿಗೆ ತಾವು ಮಾಡುತ್ತಿರುವುದರಿಂದ ಮಗು ಕಲಿಯುತ್ತಿದೆ ಎಂಬ ಒಳನಂಬಿಕೆ ಜೀವಂತವಾಗಿರಬೇಕು ಎಂಬುದು ಅವರ ನಿಲುವು. ಮೇಲಿನಿಂದ ಇಳಿದ ಸುತ್ತೋಲೆಗೆ ಆ ನಂಬಿಕೆ ಹುಟ್ಟಿಸುವ ಶಕ್ತಿಯಿಲ್ಲ. ತನ್ನ ಹೋಬಳಿಯ ಬಸ್ ಸಮಯ, ತನ್ನೂರ ಮಳೆ ಲೆಕ್ಕ ಬಳಸಿ ಶಿಕ್ಷಕಿಯೇ ಕಟ್ಟಿದ ಪಾಠಕ್ಕೆ ಮಕ್ಕಳು ಬಾಯಿ ಬಿಟ್ಟಾಗ ಅದು ಹುಟ್ಟುತ್ತದೆ.

ಆದ್ದರಿಂದ ಒಂದು ಕೋರಿಕೆ. ವಿಜಯನಗರ ಜಿಲ್ಲೆಯ ಶಿಕ್ಷಣ ಇಲಾಖೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಆಸಕ್ತ ಇಂಗ್ಲಿಷ್ ಶಿಕ್ಷಕರನ್ನು ಬೇಸಿಗೆ ರಜೆಯಲ್ಲಿ ಒಂದೆಡೆ ಸೇರಿಸಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ), ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕರು ಜೊತೆಗೆ ಕೂರಲಿ. ಪ್ರಭು ಅವರ ಪ್ರಯೋಗಕ್ಕೆ ಜೊತೆಯಾಗಿದ್ದ, ಬೆಂಗಳೂರಿನ ಜ್ಞಾನಭಾರತಿಯ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿಂದ ಬಲ್ಲವರು ಬರಲಿ. ಅದು ಅವರದೇ ಮನೆಯ ವಿದ್ಯೆ. ಪ್ರತಿ ಶಿಕ್ಷಕರು ತಮ್ಮೂರಿನ ಎರಡು ಪಾಠ ಕಟ್ಟಿದರೂ ಒಂದು ಪುಸ್ತಕವಾಗುತ್ತದೆ, ಅದನ್ನು ಎಂಟು, ಒಂಬತ್ತನೇ ತರಗತಿಗಳಲ್ಲಿ ವಾರಕ್ಕೊಂದು ಪಿರಿಯಡ್ ನಡೆಸಿ ನೋಡಬಹುದು. ಹೊಸಪೇಟೆಯ ಪದವಿ ಕಾಲೇಜೊಂದು ಅನಂತಪುರದವರನ್ನು ಕೇಳಿ ಸ್ಪ್ಯಾನಿಷಿನ ಒಂದು ಸಂಜೆ ತರಗತಿ ತೆರೆಯಬಹುದು. ಇದಕ್ಕೆ ಕಟ್ಟಡ ಬೇಡ, ಟೆಂಡರ್ ಬೇಡ. ಬೇಕಾದ ವೇಳಾಪಟ್ಟಿ ಬಸ್ ನಿಲ್ದಾಣದಲ್ಲಿದೆ, ಮಳೆ ಲೆಕ್ಕ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಸಿಗುತ್ತದೆ. ಬರುವ ಜೂನ್‌ಗೆ ಶಾಲೆ ತೆರೆಯುವ ಮುನ್ನ ಒಬ್ಬ ಶಿಕ್ಷಕರಾದರೂ ಅವನ್ನು ಬರೆದುಕೊಂಡು ಬರಲಿ.